ರೆಕ್ಕೆಯ ಆಚೆ ಬದಿಯ ಆಚಾರ್ ಮಾವ

ಅವರ ಬಲಗಿವಿಯ ಸುರುಳಿಯೊಳಗೆ ಯಾವಾಗ ನೋಡಿದರೂ ಒಂದು ಚಿಟಿಕೆ ಮರದ ಪುಡಿ ಇರುತ್ತಿತ್ತು. ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡು, ಹಣೆಗೆ ಕುಂಕುಮವಿಟ್ಟು ಜಗುಲಿಯಲ್ಲಿ ಕೂತಾಗಲೂ ಇರುತ್ತಿತ್ತು. ಎಡಗಿವಿ ಎಲ್ಲರ ಕಿವಿಯ ಹಾಗೆ ಮನುಷ್ಯರ ಮಾತು ಕೇಳುವುದಕ್ಕೆ. ಬಲಗಿವಿ ಮರಕ್ಕೇ ಮೀಸಲು. ಯಾವ ಮರ ಕೈಗೆ ಬಂದರೂ ಬಗ್ಗಿ ಆ ಕಿವಿಯನ್ನು ಅದಕ್ಕೆ ಒತ್ತಿ, ನಡುಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಳಗೆ ಹುಳ ಇದೆಯೋ, ಬಿರುಕು ಇದೆಯೋ, ಮರ ಯಾವ ಕಡೆಗೆ ಬಾಗಲು ಕಾದಿದೆಯೋ, ಎಲ್ಲ ಅವರಿಗೆ ತಿಳಿಯುತ್ತಿತ್ತು. "ಮನ್ಸ ಸುಳ್ಳೇಳ್ತಾನ ಕನವ್ವ, ಮರ ಏಳಲ್ಲ" ಎನ್ನುವುದು ಅವರ ಮಾತು. ಮರದ ಸಹವಾಸದಲ್ಲಿ ಅದರ ಗುಣವೇ ಬಂದಿತ್ತೋ ಏನೋ, ಅವರ ಬಾಯಲ್ಲಿ ಸುಳ್ಳು ಬಂದದ್ದನ್ನು ಕೊಳ್ಳೇಗಾಲದಲ್ಲಿ ಯಾರೂ ಕೇಳಿರಲಿಲ್ಲ. ನಾನು ಕೇಳಿದ್ದೇನೆ, ಒಂದೇ ಒಂದು ಸಲ. ಅದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತೆ.

ಅವರು ನಮ್ಮ ಬೀದಿಯ ಕೊನೆಯ ಮನೆಯ ಆಚಾರ್ರು, ಮಗ್ಗ ಮಾಡುವವರು. ನಾನು ಸೊಸೆಯಾಗಿ ಬಂದವಳಾದ್ದರಿಂದ ನನಗೆ ಆಚಾರ್ ಮಾವ. ಅವರದೊಂದು ಪದ್ಧತಿಯಿತ್ತು. ರೇಷ್ಮೆ ನೇಯುವವರ ಮನೆಯಲ್ಲಿ ಹೊಸ ಮಗ್ಗ ಜೋಡಿಸಿದ ಮೇಲೆ ಮನೆಯವನನ್ನು ಮಗ್ಗದ ಗುಣಿಗೆ ಇಳಿಯಲು ಬಿಡುತ್ತಿರಲಿಲ್ಲ. ತಾವೇ ಸ್ನಾನ ಮಾಡಿ ಬಂದು, ಗುಣಿಯಲ್ಲಿ ಕಾಲಿಳಿಬಿಟ್ಟು ಕೂತು, ಲಾಳಿ ಎಸೆದು ಮೊದಲ ಗೇಣು ಬಟ್ಟೆಯನ್ನು ನೇಯುತ್ತಿದ್ದರು. "ಮಾಡ್ದೋನು ಮೊದ್ಲು ಕುಂತ್ಕಬೇಕು. ಮುರುದ್ರ ಅವನ ಸೊಂಟ ಮುರೀಲಿ." ಆ ಗೇಣು ಬಟ್ಟೆಯನ್ನು ನೇಕಾರರು ಕತ್ತರಿಸಿ ಅವರಿಗೇ ಕೊಡುತ್ತಿದ್ದರು. ಅಂಥ ತುಂಡುಗಳನ್ನೆಲ್ಲ ಅವರ ಹೆಂಡತಿ ಜೋಡಿಸಿ ಹೊಲಿದ ಬಣ್ಣಬಣ್ಣದ ವಸ್ತ್ರ ಸದಾ ಅವರ ಹೆಗಲ ಮೇಲಿರುತ್ತಿತ್ತು. ಗಾಡಿ ಮಾಡಿದರೂ ಅಷ್ಟೆ, ಮಂಚ ಮಾಡಿದರೂ ಅಷ್ಟೆ, ಮೊದಲು ಅವರೇ ಕೂರಬೇಕು. ತೊಟ್ಟಿಲಿನಲ್ಲಿ ಮಾತ್ರ ಕೂರಲಾಗದೆ, ತಮ್ಮ ಉಳಿ, ಬಾಚಿ, ಕೊಡತಿಗಳನ್ನೆಲ್ಲ ಅದರೊಳಗೆ ಮಲಗಿಸಿ, ಮಗುವನ್ನು ತೂಗಿದ ಹಾಗೆ ತೂಗಿ ನೋಡುತ್ತಿದ್ದರು.

ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ನನ್ನ ತವರು ಯಳಂದೂರು ಮೈಸೂರಿಗೆ. ಎತ್ತಿನ ಗಾಡಿ ಕಟ್ಟಿದರೆ ಅರ್ಧ ದಿನದ ದಾರಿಯಷ್ಟೆ. ಆದರೂ ನಮ್ಮತ್ತೆ ನನ್ನನ್ನು "ಬ್ಯಾರೆ ಸೀಮೆ ಸೊಸೆ" ಎಂದು ಛೇಡಿಸುತ್ತಿದ್ದರು. ನಮ್ಮ ಯಜಮಾನರು ಅವರಿಗೆ ಒಬ್ಬನೇ ಮಗ. ಮದರಾಸಿನಲ್ಲಿ ಓದುತ್ತಿದ್ದಾಗ ವಿಮಾನ ಹಾರಿಸುವುದನ್ನು ಕಲಿತವರು, ತಂದೆ ತೀರಿಕೊಂಡಿದ್ದರಿಂದ ಊರಿಗೆ ಬಂದು ರೇಷ್ಮೆ ಅಂಗಡಿಯಲ್ಲಿ ಕೂತಿದ್ದರು. ಕೈ ನೂಲು ತೂಗುತ್ತಿದ್ದರೂ ಕಣ್ಣು ಬಾಗಿಲಾಚೆಯ ಆಕಾಶದಲ್ಲಿರುತ್ತಿತ್ತು.

ಬಿಳಿಗಿರಿರಂಗನ ಬೆಟ್ಟದ ಮೇಲೆ ಕಾಫಿ ತೋಟ ಮಾಡಿಕೊಂಡಿದ್ದ ಒಬ್ಬ ಇಂಗ್ಲಿಷ್ ದೊರೆ, ಪುಸ್ತಕ ನೋಡಿಕೊಂಡು ತನ್ನ ಕೈಯಾರೆ ಒಂದು ಪುಟ್ಟ ವಿಮಾನ ಕಟ್ಟಿದ್ದನಂತೆ. ಹಿಂದೆ ಮುಂದೆ ಇಬ್ಬರು ಕೂರುವಂಥದ್ದು. ಎರಡು ಬೇಸಿಗೆ ಅದನ್ನು ಹಾರಿಸಿ, ಬೆಟ್ಟದ ಬುಡದಲ್ಲಿ ಯಳಂದೂರಿನ ಹತ್ತಿರದ ಗೋದಾಮಿನಲ್ಲಿ ನಿಲ್ಲಿಸಿ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಯುದ್ಧ ಮುಗಿದ ಎಷ್ಟೋ ದಿನದ ಮೇಲೆ, ದೊರೆಸಾನಿ ತೋಟ ಬಿಟ್ಟು ತನ್ನ ಸೀಮೆಗೆ ಹೊರಟಾಗ, ಹಾರಿಸಲು ಬಲ್ಲವರೆಂದು ಕೇಳಿ ನಮ್ಮ ಯಜಮಾನರನ್ನು ಕರೆದು ಬೀಗದ ಕೈ ಕೊಟ್ಟಳು. ಬಂದ ಕನ್ನಡದಲ್ಲೇ ಹೇಳಿದಳಂತೆ: "ಹಾರಿಸು. ಇಲ್ಲ, ಸುಡು. ಇಲಿಗೆ ಬಿಡಬೇಡ."

ನಮ್ಮತ್ತೆ ಊಟ ಬಿಟ್ಟು ಕೂತರು. ಎರಡನೆಯ ದಿನ ಸಂಜೆ ಎದ್ದು ಮುಖ ತೊಳೆದು ಒಂದೇ ಮಾತು ಹೇಳಿದರು: "ಆಚಾರ್ರು ನೋಡಿ ಸರಿಯಾಗಿ ಅದ ಅಂದ್ರ ಹತ್ತು. ಅವ್ರು ಬ್ಯಾಡ ಅಂದ್ರ ಸೌದೆ ಮಾಡ್ಬುಡು."

ಹೀಗೆ ನನ್ನ ಗಂಡನ ಜೀವ ಆಚಾರ್ ಮಾವನ ಮಾತಿನ ಮೇಲೆ ನಿಂತಿತು.

ಗೋದಾಮಿನ ಬಾಗಿಲು ತೆಗೆದ ದಿನ ನಾನೂ ತವರಿನಿಂದ ನೋಡಲು ಹೋಗಿದ್ದೆ. ರೆಕ್ಕೆಯ ಬಟ್ಟೆ ಹರಿದು ಬಾವಲಿಯ ಚರ್ಮದ ಹಾಗೆ ಜೋತುಬಿದ್ದಿತ್ತು. ಒಳಗೆ ಇಲಿಯ ಗೂಡು. ಕೂರುವ ಜಾಗದಲ್ಲಿ ಕೋಳಿಯೊಂದು ಮೊಟ್ಟೆಯಿಟ್ಟು ಕಾವು ಕೂತಿತ್ತು. ನೆಲ ಮುಟ್ಟಿದ್ದ ಬಾಲಕ್ಕೆ ಗೆದ್ದಲು ಹತ್ತಿತ್ತು. ಯಜಮಾನರ ಮುಖ ಬಾಡಿಹೋಯಿತು. ಆಚಾರ್ ಮಾವ ಕೋಳಿಯನ್ನು ಓಡಿಸದೆ, ಮೊಟ್ಟೆ ಸಮೇತ ಮೆಲ್ಲಗೆ ಎತ್ತಿ ಬುಟ್ಟಿಗಿಟ್ಟು, ಮಂಡಿಯೂರಿ ಕಿವಿ ಒತ್ತಿದರು. ರೆಕ್ಕೆಯ ಉದ್ದಕ್ಕೂ ಹೋಗುವ ದೊಡ್ಡ ತೊಲೆಯನ್ನು ಆ ತುದಿಯಿಂದ ಈ ತುದಿಗೆ ಬೆರಳು ಬೆರಳಿಗೂ ತಟ್ಟುತ್ತಾ ಬಂದರು. ಬೆಳಿಗ್ಗೆ ಶುರುವಾದದ್ದು ಬಿಸಿಲು ವಾಲುವ ಹೊತ್ತಿಗೆ ಮುಗಿಯಿತು. ಅಷ್ಟು ಹೊತ್ತೂ ನಾವ್ಯಾರೂ ಕೆಮ್ಮಲಿಲ್ಲ.

"ಬೆನ್ನುಮೂಳ ಗಟ್ಟಿಯಾಗಿ ಅದ. ಪಕ್ಕೆಲುಬು ಏಳೆಂಟು ಓಗವ. ಬಾಲ ಒಸ್ದಾಗಿ ಮಾಡ್ಬೇಕು." ಆಮೇಲೆ ಆ ತೊಲೆಯನ್ನು ಸವರುತ್ತಾ ತಮ್ಮಷ್ಟಕ್ಕೆ ಅಂದುಕೊಂಡರು: "ಯಾವ ಪುಣ್ಯಾತ್ಮನಪ್ಪಾ ಇದ ಕೆತ್ತಿದಾಂವ. ಒಂದು ಕೂದ್ಲೆಳ ಎಚ್ಚಿಲ್ಲ, ಕಮ್ಮಿ ಇಲ್ಲ."

ಎರಡು ಗಾಡಿಯ ಮೇಲೆ ಅದನ್ನು ಹೇರಿಕೊಂಡು ಬಂದರು. ಸರಹದ್ದಿನ ಗೇಟಿನಲ್ಲಿ ಪೊಲೀಸಿನವನು ತಡೆದನಂತೆ.

"ಏನ್ರೀ ಅದು?"

"ವಿಮಾನ ಸ್ವಾಮಿ" ಎಂದರು ನಮ್ಮ ಯಜಮಾನರು.

"ವಿಮಾನ್ವಾ? ಎಲ್ಲಿಗೋಯ್ತದೆ?"

ಆಚಾರ್ ಮಾವ ಗಾಡಿಯ ಮೇಲಿಂದಲೇ ಹೇಳಿದರಂತೆ: "ಸದ್ಯಕ್ಕ ಎತ್ತು ಎಳ್ದ ಕಡೀಕ ಓಯ್ತದ ಸಾ. ಮುಂದಕ್ಕ ಅದೇ ಓಯ್ತದ."

ಮುಂದಿನ ಒಂದು ವರ್ಷ ಮಗ್ಗದ ಕೊಟ್ಟಿಗೆಯೇ ವಿಮಾನದ ಮನೆ. ಎಂಜಿನ್ನು ಯಜಮಾನರದು, ಮರ ಆಚಾರ್ ಮಾವನದು. ಹೋದ ಪಕ್ಕೆಲುಬುಗಳಿಗೆ ಹಗುರವಾದ ಶಿವನೆ ಮರ ಆರಿಸಿದರು. ದೊರೆಯ ಪುಸ್ತಕದಲ್ಲಿ ಅಂಟಿಗೆ ಒಡೆದ ಹಾಲಿನ ಗಟ್ಟಿಯನ್ನೂ ಸುಣ್ಣವನ್ನೂ ಅರೆಯಬೇಕೆಂದು ಬರೆದಿತ್ತು. ಅದನ್ನು ಓದಿ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಜ್ಜಿಗೇಲಿ ಇಮಾನ ಕಟ್ಟೀರಾ?" ಆದರೂ ಅರೆದರು. ಎರಡು ಪಟ್ಟಿ ಅಂಟಿಸಿ, ಒಣಗಿಸಿ, ಮಂಡಿಗೆ ಕೊಟ್ಟು ಮುರಿದರು. ಮರ ಮುರಿಯಿತು, ಅಂಟು ಬಿಡಲಿಲ್ಲ. ಆ ಎರಡು ತುಂಡುಗಳನ್ನು ಹಣೆಗೆ ಒತ್ತಿಕೊಂಡು ದೇವರ ಗೂಡಿನಲ್ಲಿಟ್ಟರು. ಆವತ್ತಿನಿಂದ ಪುಸ್ತಕವನ್ನು ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದರು.

ಬಟ್ಟೆ ನನ್ನದು. ತವರಿನ ಜವಳಿ ಅಂಗಡಿಯ ಜಗುಲಿಯಲ್ಲಿ ಕೂರುತ್ತಿದ್ದ ಮುದುಕ ದರ್ಜಿಯಿಂದ ಹೊಲಿಗೆ ಕಲಿತಿದ್ದೆ. ರೆಕ್ಕೆಗೆಂದು ನಮ್ಮೂರ ನೇಕಾರರು ಬಣ್ಣ ಹಾಕದ ರೇಷ್ಮೆಯನ್ನು ಒತ್ತಾಗಿ ನೇಯ್ದುಕೊಟ್ಟರು. ಅದನ್ನು ಪಕ್ಕೆಲುಬುಗಳಿಗೆ ಹೊಲಿಯುವ ಕೆಲಸ ಒಬ್ಬರಿಂದ ಆಗುವುದಲ್ಲ. ರೆಕ್ಕೆಯನ್ನು ಗೋಡೆಯ ಹಾಗೆ ನಿಲ್ಲಿಸಿ, ಈಚೆ ಒಬ್ಬರು ಆಚೆ ಒಬ್ಬರು ಕೂತು, ಮೇಣ ಹಚ್ಚಿದ ದಾರದ ಉದ್ದ ಸೂಜಿಯನ್ನು ಒಬ್ಬರು ತೂರಿಸಿದರೆ ಇನ್ನೊಬ್ಬರು ಎಳೆದು ತಿರುಗಿ ತೂರಿಸಬೇಕು. ಎರಡು ಬೆರಳಿಗೊಂದು ಗಂಟು. ಆ ಸೂಜಿಗಳನ್ನು ಆಚಾರ್ ಮಾವ ಹಳೆಯ ಛತ್ರಿಯ ಕಡ್ಡಿಯಿಂದ ಮಾಡಿದ್ದರು.

ಈಚೆ ನಾನು, ಆಚೆ ಅವರು. ಹಿರಿಯರ ಎದುರು ತಲೆಯೆತ್ತಿ ಮಾತಾಡದ ಕಾಲ ಅದು. ನಡುವೆ ಬಟ್ಟೆಯಿದ್ದದ್ದರಿಂದ ನನ್ನ ಬಾಯಿ ಬಿಚ್ಚಿತು. ನನಗೆ ಕಾಣುತ್ತಿದ್ದದ್ದು ಸೂಜಿಯ ಮೊನೆ ಮಾತ್ರ. ಒಂದು ದಿನ ಕೇಳಿಯೇಬಿಟ್ಟೆ.

"ಮಾವ, ಈ ಗಂಟು ಬಿಚ್ಚೋದ್ರ ಏನಾಯ್ತದ?"

ಸೂಜಿ ಆಚೆ ಬದಿಯಲ್ಲೇ ನಿಂತಿತು.

"ಒಂದು ಬಿಚ್ಚುದ್ರ ಏನೂ ಆಗಲ್ಲ ಮಗ. ಪಕ್ಕದ ಗಂಟು ಇಡ್ಕತದ."

"ಎಲ್ಲಾ ಬಿಚ್ಚುದ್ರ?"

"ನಿನ್ ಗಂಡ ಬೀಳ್ತಾನ ಕನವ್ವ. ನಾನು ಸುಳ್ಳೇಳಲ್ಲ." ಮೊನೆ ಬಟ್ಟೆಯಿಂದ ಈಚೆಗೆ ಇಣುಕಿತು. "ಎಳಿ. ಬಿಗಿಯಾಗಿ ಎಳಿ."

ಹೊಲಿದದ್ದಾಯಿತು. ಬಟ್ಟೆ ತಮಟೆಯ ಹಾಗೆ ಬಿಗಿಯಲು ವಿಮಾನದವರು ಏನೋ ಎಣ್ಣೆಯಂಥದ್ದು ಬಳಿಯುತ್ತಾರೆಂದು ಪುಸ್ತಕದಲ್ಲಿತ್ತು. ಅದು ಕೊಳ್ಳೇಗಾಲದಲ್ಲಿ ಎಲ್ಲಿ ಸಿಗಬೇಕು? "ನೂಲಿಗೆ ಜೀವ ಕೊಡೋದು ಗಂಜಿ. ನಮ್ ಊರಿಗೆ ಬಟ್ಟೆ ಬಿಗಿಯೋದ ಯೋಳ್ಕೊಡಕ ಬಂದವ್ರಾ ಇವ್ರು" ಎಂದರು ಆಚಾರ್ ಮಾವ. ನೇಕಾರರೆಲ್ಲ ಹೌದೆಂದರು, ಯಜಮಾನರೂ ತಲೆಯಾಡಿಸಿದರು. ದೊಡ್ಡ ಹಂಡೆಯಲ್ಲಿ ಅಕ್ಕಿಗಂಜಿ ಕಾಯಿಸಿದವಳು ನಾನೇ. ಬಳಿದು ಒಣಗಿಸಿದರೆ, ಆಹಾ, ಬೆರಳಲ್ಲಿ ಮೀಟಿದರೆ ಢಣ್ ಎನ್ನುತ್ತಿತ್ತು. ಮಾರನೆಯ ದಿನ ಬೆಳಿಗ್ಗೆಯೇ ಹಾರಿಸುವುದೆಂದು ವಿಮಾನವನ್ನು ಬಯಲಿಗೆ ತಂದು ನಿಲ್ಲಿಸಿದರು.

ಬೆಳಿಗ್ಗೆ ಹೋಗಿ ನೋಡಿದರೆ ಇಬ್ಬನಿ ಕುಡಿದ ರೆಕ್ಕೆ ಬಾಣಂತಿಯ ಹೊಟ್ಟೆಯ ಹಾಗೆ ಜೋಲುಬಿದ್ದಿತ್ತು. ಯಾರದೋ ಹಸುವೊಂದು ಒಂದು ತುದಿಯನ್ನು ಚಪ್ಪರಿಸಿ ನೆಕ್ಕುತ್ತಾ ನಿಂತಿತ್ತು. ನೋಡಲು ಬಂದವರೆಲ್ಲ ನಕ್ಕರು. ಆಚಾರ್ ಮಾವ ನಗಲಿಲ್ಲ. ಬೆಟ್ಟದ ಮೇಲೆ ಕೂತಿದ್ದ ಮಂಜನ್ನೇ ನೋಡುತ್ತಿದ್ದರು. ಹಿಂದಿನ ದಿನ ಹಾರಿ ಆ ಮಂಜಿನೊಳಕ್ಕೆ ಹೋಗಿದ್ದರೆ?

ಅವರು ನೇರವಾಗಿ ನಮ್ಮ ಮನೆಗೆ ಬಂದು, ಅಂಗಳದಲ್ಲಿ ನಾಲ್ಕು ಜನರ ಮುಂದೆ ನಮ್ಮತ್ತೆಗೆ ಕೈ ಮುಗಿದರು. "ತಪ್ಪು ನಂದು ತಾಯಿ. ಗಂಜಿ ನೆಲದ ಮ್ಯಾಲಿನ ಬುದ್ಧಿ. ಮ್ಯಾಲ ಏನದ ಅಂತ ನಂಗ ಗೊತ್ತಿರ್ನಿಲ್ಲ. ಗೊತ್ತಿಲ್ದೇ ನಿಮ್ ಮಗನ್ನ ಕಳುಸ್ತಿದ್ದಿ." ಆಚಾರ್ರು ತಪ್ಪು ಮಾಡಿದರೆ ಒಪ್ಪಿಕೊಳ್ಳುತ್ತಾರೆಂದು ಆವತ್ತು ಊರಿಗೆಲ್ಲ ಗೊತ್ತಾಯಿತು. ಈ ಮಾತು ನೆನಪಿರಲಿ.

ಆಮೇಲೆ ಯಜಮಾನರ ಜೊತೆ ಬೆಂಗಳೂರಿಗೆ ಹೋಗಿ, ವಿಮಾನ ರಿಪೇರಿ ಮಾಡುವ ಕಡೆ ಮೂರು ದಿನ ನಿಂತು ನೋಡಿ, ಬಟ್ಟೆ ಬಿಗಿಸುವ ಆ ಬಣ್ಣವಿಲ್ಲದ ಬಣ್ಣವನ್ನು ಡಬ್ಬಗಟ್ಟಲೆ ತಂದರು. ಮೂಸಿದರೆ ಮಾಗಿ ಕಳಿತ ಬಾಳೆಗೊನೆಯ ವಾಸನೆ. ಗಂಜಿ ಕುಡಿದ ಬಟ್ಟೆಯನ್ನು ಬಿಚ್ಚಿ, ಒಗೆದು, ಮತ್ತೆ ಮೊದಲಿನಿಂದ ಹೊಲಿಯಬೇಕಾಯಿತು. ಅಷ್ಟರಲ್ಲಿ ಮದರಾಸಿನಿಂದ ಇನ್ಸ್‌ಪೆಕ್ಟರು ಬಂದು, ತೆರೆದ ಎಲುಬುಗಳನ್ನೆಲ್ಲ ನೋಡಿ, ಕಾಗದ ಬರೆದುಕೊಟ್ಟು ಹೋದರು. ನಮ್ಮತ್ತೆ ಆ ಕಾಗದವನ್ನು ತಿರುಗಿಸಿಯೂ ನೋಡಲಿಲ್ಲ. "ಇದು ನಂಗ್ಯಾಕ? ಆಚಾರ್ರು ಏನಂದ್ರು, ಅದ ಯೋಳು."

ಎರಡನೆಯ ಸಲ ಹೊಲಿಯುವಾಗ ನನಗೆ ಐದು ತಿಂಗಳು. ಬೇಗ ಆಯಾಸವಾಗುತ್ತಿತ್ತು. ಬಾಲದ ಬಟ್ಟೆಯ ಕೊನೆಯ ಸೀಳನ್ನು ಮುಚ್ಚಿದ ದಿನ ಮನೆಗೆ ಬಂದು ನೋಡಿದರೆ ಸುಣ್ಣದ ಡಬ್ಬಿ ಇಲ್ಲ. ನಮ್ಮಜ್ಜಿ ಕೊಟ್ಟ ಹಿತ್ತಾಳೆಯ ಪುಟ್ಟ ಡಬ್ಬಿ, ಅದರಲ್ಲಿ ದಾರಕ್ಕೆ ಹಚ್ಚುವ ಮೇಣ ಇಟ್ಟುಕೊಳ್ಳುತ್ತಿದ್ದೆ. ಕೊಟ್ಟಿಗೆಯೆಲ್ಲ ಹುಡುಕಿದೆ. ಬಾಲದೊಳಗೆ ಬಿದ್ದಿರಬಹುದೇ ಎಂದು ಒಂದು ಸಲ ಹೊಳೆಯಿತು. ಹೊಲಿಗೆ ಮತ್ತೆ ಬಿಚ್ಚಿಸಬೇಕಲ್ಲ ಎಂಬ ಸಂಕೋಚ, ಎಲ್ಲರೂ ಬೈಯುತ್ತಾರೆಂಬ ಭಯ. ಎಲ್ಲೋ ಹುಲ್ಲಿನಲ್ಲಿ ಬಿದ್ದಿರಬೇಕೆಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆ.

ಹಾರಿಸುವ ದಿನ ಬಂತು. ಹನೂರಿನ ದಾರಿಯಲ್ಲಿ ಹುರುಳಿ ಕಿತ್ತು ಖಾಲಿಯಾಗಿದ್ದ ಬಯಲು. ಕೌದಳ್ಳಿ, ಲೊಕ್ಕನಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ನಮ್ಮತ್ತೆ ಹುಣಸೆಮರದ ಕೆಳಗೆ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು. ಆಚಾರ್ ಮಾವ ಸ್ನಾನ ಮಾಡಿ, ಹೆಗಲ ವಸ್ತ್ರವನ್ನು ತಲೆಗೆ ಬಿಗಿದು, ಕಚ್ಚೆ ಕಟ್ಟಿ ಬಂದವರೇ ಮುಂದಿನ ಸೀಟು ಹತ್ತಿ ಕೂತುಬಿಟ್ಟರು.

"ಆಚಾರ್ರೇ, ಇದು ಮಗ್ಗ ಅಲ್ಲ, ಇಳೀರಿ" ಎಂದರು ಯಜಮಾನರು.

"ಅಲ್ಲ ಅಂತಾನೇ ಕುಂತಿರದು."

"ಮೊದಲನೇ ಸಲ ಒಬ್ಬರೇ ಹೋಗಬೇಕು ಅಂತ ಪುಸ್ತಕದಲ್ಲಿದೆ."

"ಅಂಗಾದ್ರ ನೀನು ಇಳಿ."

ಜನ ಗೊಳ್ಳೆಂದರು. ಕೊನೆಗೆ ಒಂದು ಒಪ್ಪಂದವಾಯಿತು: ನೆಲದ ಮೇಲೆ ಒಂದು ಸಲ ಓಡಿಸುವಾಗ ಆಚಾರ್ ಮಾವ ಇರುವುದು, ಆಮೇಲೆ ಇಳಿದುಬಿಡುವುದು.

ಎಂಜಿನ್ನು ಗುಡುಗಿತು. ವಿಮಾನ ದೂಳೆಬ್ಬಿಸಿಕೊಂಡು ಬಯಲಿನ ಅರ್ಧ ಓಡಿರಬೇಕು, ಆಚಾರ್ ಮಾವನ ಕೈ ಮೇಲೆದ್ದಿತು. ಯಜಮಾನರು ನಿಲ್ಲಿಸಿದರು. ನಾವೆಲ್ಲ ಓಡಿಹೋದೆವು.

"ಬಾಲದೊಳಗ ಏನೋ ಉಳ್ಳಾಡ್ತಾ ಅದ."

"ಈ ಎಂಜಿನ್ ಸದ್ದಲ್ಲಿ ನಿಮಗೆ ಏನು ಕೇಳಿಸ್ತು ಆಚಾರ್ರೇ?"

"ಎಂಜಿನ್ನು ನಿಂದು, ನೀನು ಕೇಳು. ಮರ ನಂದು."

ಕೆಳಗಿಳಿದು, ಬಾಲದ ಬಟ್ಟೆಯನ್ನು ಚೂರಿಯಿಂದ ಗೇಣುದ್ದ ಸೀಳಿ, ಹೆಗಲವರೆಗೆ ಕೈ ಹಾಕಿದರು. ಬಾಲದ ಪಟ್ಟಿಯನ್ನು ಮೇಲೆ ಕೆಳಗೆ ಆಡಿಸುವ ತಂತಿ ಒಂದು ಪುಟ್ಟ ರಾಟೆಯ ಮೇಲೆ ಓಡುತ್ತದೆ. ಆ ರಾಟೆಗೆ ಏನಾದರೂ ಸಿಕ್ಕಿಕೊಂಡರೆ ವಿಮಾನದ ಮೂತಿ ನೆಲಕ್ಕೆ ತಿರುಗಿದರೂ ಎತ್ತಲಾಗುವುದಿಲ್ಲ ಎಂದು ಯಜಮಾನರು ನನಗೆ ಎಷ್ಟೋ ಸಲ ಹೇಳಿದ್ದರು. ಆಚಾರ್ ಮಾವನ ಕೈ ಅಲ್ಲೇ ಇತ್ತು. ಕೈ ನಿಂತಿತು. ತಲೆ ಎತ್ತಿ, ಅಷ್ಟು ಜನರ ನಡುವೆ ನನ್ನನ್ನು ನೋಡಿದರು. ಮಾವ ನನ್ನನ್ನು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

ಮುಷ್ಟಿ ಹೊರಬಂತು. ಬೆರಳ ಸಂದಿಯಲ್ಲಿ ಹಿತ್ತಾಳೆ ಮಿಂಚಿದ್ದು ನನಗೊಬ್ಬಳಿಗೆ ಕಂಡಿತು. ಮುಷ್ಟಿ ಬಿಚ್ಚದೆ ಸೊಂಟದ ಮಡಿಕೆಗೆ ಸಿಕ್ಕಿಸಿ, ಬಯಲಿಗೆಲ್ಲ ಕೇಳುವಂತೆ ಹೇಳಿದರು: "ನನ್ ಸಣ್ಣ ಉಳಿ. ನಾನೇ ಒಳಗ ಮರ್ತು ಬುಟ್ಬುಟ್ಟಿದ್ದಿ."

"ಏನ್ ಆಚಾರ್ರೇ, ನಮ್ ಮಗ್ಗದೊಳಗೂ ಇಂಗೇ ಏನಾರ ಬುಟ್ಟಿದ್ದೀರಾ?" ಎಂದು ಯಾರೋ ಕೂಗಿದರು. ನಗು ಅಲೆಯಾಗಿ ಹರಡಿತು. ಅವರು ತಲೆ ತಗ್ಗಿಸಿ ನಿಂತಿದ್ದರು. ನಾನು ಬಾಯಿ ತೆರೆಯಬೇಕಿತ್ತು.

ನಮ್ಮತ್ತೆ ಹುಣಸೆಮರದ ಕೆಳಗಿಂದ ಎದ್ದು ಬಂದರು. "ನಿಮ್ ಮಾತ ನಂಬ್ಕಂಡು ಒಪ್ಪಿದ್ನಲ್ಲ ಆಚಾರ್ರೇ. ಈಗ ಎಂಗ ನಂಬನ?"

"ನಂಬ್ಬ್ಯಾಡಿ ತಾಯಿ. ಅದುಕೇ ನಾನೂ ಕುಂತ್ಕತೀನಿ. ಬಿದ್ರ ಇಬ್ರೂ ಬೀಳ್ತೀವಿ."

ಅತ್ತೆ ಮಗನ ಕಡೆ ತಿರುಗಿ, "ಇವ್ರು ಕುಂತ್ರ ಓಗು. ಇಲ್ದಿದ್ರ ಇಳಿ" ಎಂದರು. ಪುಸ್ತಕದ ಮಾತು ಅಲ್ಲಿಗೆ ಮುಗಿಯಿತು.

ಸೀಳಿದ ಬಟ್ಟೆಯನ್ನು ಹೊಲಿಯಬೇಕಾದವಳು ನಾನೇ. ಈ ಸಲ ಅವರು ಆಚೆ ಬದಿಯಲ್ಲಿರಲಿಲ್ಲ, ಪಕ್ಕದಲ್ಲೇ ನಿಂತಿದ್ದರು. "ದಾರ ಬಿಗಿ ಇರ್ಲಿ" ಎಂದಷ್ಟೇ ಹೇಳಿದರು. ಮೇಲೆ ತೇಪೆಯಿಟ್ಟು ಬಾಳೆಹಣ್ಣಿನ ವಾಸನೆಯ ಬಣ್ಣ ಬಳಿದು, ಅದು ಒಣಗುವವರೆಗೆ ಎಲ್ಲರೂ ಬಿಸಿಲಿನಲ್ಲಿ ಕಾದೆವು.

ಹಾರಿತು. ಅದನ್ನು ಹೇಗೆ ಹೇಳಲಿ? ಓಡುತ್ತಾ ಓಡುತ್ತಾ ಚಕ್ರದ ಕೆಳಗಿನ ದೂಳು ನಿಂತುಹೋಯಿತು. ಅಷ್ಟೇ ಮೊದಲು ಕಂಡದ್ದು. ಆಮೇಲೆ ನೆರಳು ಬೇರೆ, ವಿಮಾನ ಬೇರೆ. ನಮ್ಮ ತಲೆಯ ಮೇಲೆ ತಿರುಗಿದಾಗ ಸೂರ್ಯ ಆಚೆ ಬದಿಗಿದ್ದ. ಕೆನೆಬಣ್ಣದ ರೇಷ್ಮೆಯ ಮೂಲಕ ಬೆಳಕು ಇಳಿದು ಪಕ್ಕೆಲುಬು ಪಕ್ಕೆಲುಬೂ ಕಂಡವು, ದೀಪಕ್ಕೆ ಅಡ್ಡ ಹಿಡಿದ ಅಂಗೈಯ ಹಾಗೆ. ಎರಡು ಬೆರಳಿಗೊಂದರಂತೆ ನಾವು ಹಾಕಿದ ಗಂಟುಗಳೂ ಕಂಡವು ಎಂದರೆ ನೀವು ನಂಬಲಿಕ್ಕಿಲ್ಲ, ನನಗೆ ಕಂಡವು. ನನ್ನ ಪಕ್ಕ ನಿಂತಿದ್ದ ಲೊಕ್ಕನಹಳ್ಳಿಯ ಮುದುಕಿಯೊಬ್ಬಳು ಚಪ್ಪಲಿ ಬಿಟ್ಟು ಕೈ ಮುಗಿದಳು. ವಿಮಾನ ಬೆಟ್ಟದ ಕಡೆಗೆ ಹೋಗಿ, ಪುಟ್ಟ ಚುಕ್ಕಿಯಾಗಿ, ತಿರುಗಿ ಬಂದು, ಹಸು ಕರುವಿನ ಹತ್ತಿರ ಮಲಗುವಷ್ಟು ಮೆಲ್ಲಗೆ ನೆಲಕ್ಕಿಳಿಯಿತು.

"ಆಚಾರ್ರೇ, ಮ್ಯಾಲಿಂದ ಏನೇನ್ ಕಾಣ್ತು? ಕೊಳ್ಳೇಗಾಲ ಕಾಣ್ತಾ? ಬಿಳಿಗಿರಿರಂಗನ ಗುಡಿ ಕಾಣ್ತಾ?" ಜನ ಮುತ್ತಿಕೊಂಡರು.

ಅವರು ಪೆಚ್ಚಾಗಿ ನಕ್ಕರು. "ನೋಡ್ನೇ ಇಲ್ಲ ಕನ್ರಪ್ಪ. ಕಿವಿ ಒತ್ಕಂಡು ಮರ ಕೇಳ್ತಾ ಕುಂತಿದ್ದಿ. ಎಲ್ಲೂ ಒಂದು ಸೊಲ್ಲೆತ್ನಿಲ್ಲ ಅದು."

ವಿಮಾನ ನಾಲ್ಕು ಬೇಸಿಗೆ ಹಾರಿತು. ಆಚಾರ್ ಮಾವನಿಗೆ ಮಾತ್ರ "ಉಳಿ ಮರ್ತ ಆಚಾರಿ" ಎಂಬ ಹೆಸರು ಅಂಟಿಕೊಂಡಿತು. ಹೊಸ ಮಗ್ಗ ಜೋಡಿಸಿದ ಮನೆಗಳಲ್ಲಿ "ಉಳಿ ಎಣಿಸ್ಕಳಿ ಆಚಾರ್ರೇ" ಎಂದು ಕಿಚಾಯಿಸುತ್ತಿದ್ದರು. ಅವರು ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿಯೇ ಎದ್ದು ಬರುತ್ತಿದ್ದರು. ಮರದ ಕೆಲಸದಲ್ಲಿ ನಲವತ್ತು ವರ್ಷ ಕಟ್ಟಿಕೊಂಡಿದ್ದ ಹೆಸರು ಹೀಗೆ ಹೋಯಿತು. ನಾನು ಒಂದು ದಿನ ಎಲೆ ಅಡಿಕೆ ತಟ್ಟೆ ಹಿಡಿದು ಹೋಗಿ, "ಮಾವ, ಆ ಡಬ್ಬಿ..." ಎಂದು ಶುರುಮಾಡಿದರೆ, "ಯಾವ ಡಬ್ಬಿ?" ಎಂದು ಒಳಗೆ ನಡೆದುಬಿಟ್ಟರು.

ನನಗೆ ಮಗಳು ಹುಟ್ಟಿದಾಗ, ಮಿಕ್ಕಿದ್ದ ಶಿವನೆ ಮರದಲ್ಲಿ ತೊಟ್ಟಿಲು ಮಾಡಿ ತಂದರು. ನಡುಮನೆಯಲ್ಲಿ ತೂಗುಹಾಕಿ, ಪದ್ಧತಿಯಂತೆ ಉಳಿ, ಬಾಚಿ, ಕೊಡತಿಗಳನ್ನು ಅದರಲ್ಲಿ ಮಲಗಿಸಿದರು. ತೂಗಿ ನೋಡಿದರು. ಏನೋ ಸಾಲದೆಂಬಂತೆ ತಲೆಯಾಡಿಸಿ, ಸೊಂಟದ ಮಡಿಕೆಯಿಂದ ಹಿತ್ತಾಳೆಯ ಡಬ್ಬಿಯನ್ನು ತೆಗೆದು ಅದರ ಮೇಲಿಟ್ಟು ಇನ್ನೊಂದು ಸಲ ತೂಗಿದರು. "ಈಗ ತೂಕ ಸರಿಯಾಯ್ತು" ಎಂದರು. ಹೋಗುವಾಗ ಉಳಿ ಬಾಚಿಗಳನ್ನಷ್ಟೇ ಎತ್ತಿಕೊಂಡರು.

ಕೊಳ್ಳೇಗಾಲ ಮೈಸೂರಿಗೆ ಸೇರುತ್ತದಂತೆ ಎಂಬ ಮಾತು ಓಡಾಡುತ್ತಿದ್ದ ವರ್ಷ ಅವರು ತೀರಿಕೊಂಡರು. ಅಂಗಳದಲ್ಲಿ ಮಲಗಿಸಿದ್ದರು. ನೇಕಾರರು ಒಬ್ಬೊಬ್ಬರೂ ತಮ್ಮ ಮಗ್ಗದಿಂದ ಗೇಣು ಬಟ್ಟೆ ಕತ್ತರಿಸಿ ತಂದು ಮೇಲೆ ಹೊದಿಸುತ್ತಿದ್ದರು. ನಾನು ರೆಕ್ಕೆಯ ರೇಷ್ಮೆಯಲ್ಲಿ ಮಿಕ್ಕಿದ್ದ ತುಂಡನ್ನು ಎದೆಯ ಮೇಲೆ ಹಾಕಿ, ಇಡೀ ಬೀದಿಯ ಮುಂದೆ, ನಮ್ಮತ್ತೆಯ ಮುಂದೆ, ನಮ್ಮ ಯಜಮಾನರ ಮುಂದೆ ಹೇಳಿದೆ: "ಆವತ್ತು ಬಾಲದೊಳಗಿದ್ದದ್ದು ಇವರ ಉಳಿಯಲ್ಲ. ನನ್ನ ಸುಣ್ಣದ ಡಬ್ಬಿ."

ತಲೆದೆಸೆಯಲ್ಲಿ ಕೂತಿದ್ದ ಅವರ ಹೆಂಡತಿ ಮುಖ ಎತ್ತದೆ ಅಂದರು: "ಗೊತ್ತು ಕನವ್ವ. ಆವತ್ತು ಬೆಳಿಗ್ಗೆ ಅಷ್ಟೂ ಉಳಿನೂ ಒರೆಸಿ ಪೂಜೆಗ ಮಡುಗಿದ್ದೋಳು ನಾನೇ. ಒಂದೂ ಕಮ್ಮಿ ಇರ್ನಿಲ್ಲ."

ಆಮೇಲೆ ಒದ್ದೆ ಬಟ್ಟೆಯಿಂದ ಗಂಡನ ಮುಖ ಒರೆಸಿದರು. ಹಣೆ, ಕೆನ್ನೆ, ಎಡಗಿವಿ. ಬಲಗಿವಿಯ ಹತ್ತಿರ ಕೈ ಬಂದು ನಿಂತಿತು. ಸುರುಳಿಯೊಳಗೆ ಅದೇ ಒಂದು ಚಿಟಿಕೆ ಪುಡಿ. ಅದನ್ನು ಹಾಗೆಯೇ ಬಿಟ್ಟರು.